ಹದಿನೇಳು ವಿನಯದ ಪತ್ರಗಳು

ಮೂಲೆಮನೆಯ ಗೆಳತಿ ಆ ನೋಟೀಸನ್ನು ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ಟಿನಿಂದ ಅಂಟಿಸಿಟ್ಟಿದ್ದಳು. ಹಳದಿ ಬಣ್ಣದ ಪೋಸ್ಟ್‌ಕಾರ್ಡು. ನಮ್ಮ ಮನೆಗೂ ಬಂದಿತ್ತು. ನಾನು ಗ್ರೋಸರಿ ಕೂಪನ್ನುಗಳ ಜತೆ ಎತ್ತಿಟ್ಟು ಮರೆತಿದ್ದೆ. ಶಾಲೆಯ ಹಿಂದಿನ ರಸ್ತೆಯಲ್ಲಿ ವರ್ಷಗಳಿಂದ ಮುಚ್ಚಿಹೋಗಿರುವ ಬೌಲಿಂಗ್ ಆಟದ ಕಟ್ಟಡವನ್ನು ಕೆಡವಿ, ಅಲ್ಲಿ ನಾಲ್ಕು ಮಹಡಿಯ ಅಪಾರ್ಟ್‌ಮೆಂಟು ಕಟ್ಟಲು ಸೇವಾಸಂಸ್ಥೆಯೊಂದು ಊರಿನ ಅನುಮತಿ ಕೇಳಿದೆ. ಸಣ್ಣ ಸಂಬಳದವರಿಗೆ ಕಡಿಮೆ ಬಾಡಿಗೆಯ ಮನೆಗಳು. ಅಭಿಪ್ರಾಯವಿದ್ದವರು ಬರೆದು ಕಳಿಸಬಹುದು. ಇಷ್ಟು ಅದರಲ್ಲಿತ್ತು.

ಅಂದು ಅವಳ ಮನೆಯಲ್ಲಿ ಪಾಟ್‌ಲಕ್ಕು, ಮನೆಗೊಂದು ಅಡಿಗೆ ತಂದು ಒಟ್ಟಿಗೆ ಉಣ್ಣುವ ಊಟ. ಮೇ ತಿಂಗಳ ಭಾನುವಾರ, ಹಿತ್ತಲಿನಲ್ಲಿ ನಿಂಬೆಗಿಡ ಹೂಬಿಟ್ಟಿತ್ತು. ಗಂಡಸರೆಲ್ಲ ಹಾಲಿನ ಸೋಫಾಗಳಲ್ಲಿ ಕೂತು ಈ ದೇಶದ ಆರ್ಥಿಕತೆಯನ್ನು ಸರಿಮಾಡುತ್ತಿದ್ದರು. ಅಡಿಗೆಮನೆಗೆ ಎಲ್ಲ ಕೇಳಿಸುತ್ತಿತ್ತು.

"ಗ್ರೋಥ್ ಏನೋ ಇದೆ ರೀ. ಆದ್ರೆ ಬೆಳೆದಿದ್ದೆಲ್ಲ ಮೇಲಿನವ್ರಿಗೇ ಹೋಗ್ತಿದೆ."

"ಮೊದ್ಲು ಹೌಸಿಂಗ್ ರಿಫಾರ್ಮು ಆಗ್ಬೇಕು. ಮನೆ ಕಟ್ಟೋಕೇ ಬಿಡಲ್ವಲ್ಲ ಈ ಊರುಗಳು. ಸಪ್ಲೈ ಇಲ್ದೆ ಬಾಡಿಗೆ ಇಳಿ ಅಂದ್ರೆ ಎಲ್ಲಿಂದ ಇಳಿಯತ್ತೆ?" ಹೀಗೆಂದದ್ದು ನನ್ನ ಯಜಮಾನರು. ಎಲ್ಲರೂ ಹೌದು ಹೌದು ಎಂದರು.

ಗೆಳತಿ ಕಾರ್ಡನ್ನು ಫ್ರಿಜ್ಜಿನಿಂದ ಕಿತ್ತು ನನ್ನ ಕೈಗೆ ಕೊಟ್ಟಳು. "ನೋಡೇ, ನಾಲ್ಕು ಮಹಡಿ. ಈಗ್ಲೇ ಮಕ್ಕಳ ಡ್ರಾಪ್‌ಆಫ್ ಟೈಮಲ್ಲಿ ಕಾರು ನಿಲ್ಸೋಕೆ ಜಾಗ ಇಲ್ಲ. ನಿನ್ನ ಇಂಗ್ಲಿಷು ಚೆನ್ನಾಗಿದೆ, ಒಂದು ಲೆಟರ್ ಬರ್ದುಕೊಡು. ರೂಡ್ ಆಗಿರ್ಬಾರ್ದು, ನಾವೇನೋ ಬಡವರ ವಿರೋಧಿಗಳು ಅನ್ನೋ ಹಾಗೆ ಕಾಣ್ಬಾರ್ದು."

ಆ ಬೀದಿಯಲ್ಲಿ ಪತ್ರ ಬರೆಯುವುದು ನನ್ನ ಕೆಲಸವೆಂದು ಯಾವಾಗಲೋ ತೀರ್ಮಾನವಾಗಿತ್ತು. ಇನ್ಶೂರೆನ್ಸಿನವರಿಗೆ, ಪ್ರಿನ್ಸಿಪಾಲರಿಗೆ, ಹುಲ್ಲು ಕತ್ತರಿಸದ ಬಾಡಿಗೆದಾರನಿಗೆ, ಎಲ್ಲಕ್ಕೂ ನಾನೇ. ಮೈಸೂರಿನ ನಮ್ಮ ಕಾನ್ವೆಂಟಿನ ಸಿಸ್ಟರು ಪತ್ರಲೇಖನ ಕಲಿಸುವಾಗ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ಒಪ್ಪಿಗೆಯಿಲ್ಲದಿದ್ದರೆ ಇಲ್ಲ ಎನ್ನಬೇಡಿ, ಇನ್ನೊಂದಿಷ್ಟು ವಿವರ ಕೇಳಿ. ಅದು ನನಗೆ ಚೆನ್ನಾಗಿ ಒಗ್ಗಿತ್ತು.

ಮರುದಿನ ಚಿಕ್ಕವನನ್ನು ಪ್ರೀಸ್ಕೂಲಿಗೆ ಬಿಟ್ಟುಬಂದು ಕಂಪ್ಯೂಟರ್ ಮುಂದೆ ಕೂತೆ. ಯೋಜನೆಯ ಕಾಗದಗಳೆಲ್ಲ ಊರಿನ ವೆಬ್‌ಸೈಟಿನಲ್ಲಿದ್ದವು. ನಕ್ಷೆ, ಮರಗಳ ಪಟ್ಟಿ, ನೆರಳು ಎಷ್ಟು ಹೊತ್ತಿಗೆ ಯಾರ ಹಿತ್ತಲಿಗೆ ಬೀಳುತ್ತದೆಂಬ ಚಿತ್ರ. ಹಣಕಾಸಿನ ಅಧ್ಯಾಯ ನಮಗೆ ಸಂಬಂಧವಿಲ್ಲವೆಂದು ಬಿಟ್ಟೆ. ಟ್ರಾಫಿಕ್ಕಿನ ವರದಿಯನ್ನು ಮಾತ್ರ ಪೂರ್ತಿ ಓದಿದೆ. ಗೆಳತಿ ಹೇಳಿದ್ದು ಅದನ್ನೇ ತಾನೆ. ರಸ್ತೆಗೆ ಅಡ್ಡವಾಗಿ ಕಪ್ಪು ರಬ್ಬರಿನ ಕೊಳವೆ ಹಾಸಿ, ಅದರ ಮೇಲೆ ಹಾದ ಗಾಲಿಗಳನ್ನು ಎಣಿಸಿ, ಶಾಲೆಯ ಬಳಿಯ ಕೂಡುರಸ್ತೆಗೆ ಇನ್ನಷ್ಟು ಕಾರುಗಳನ್ನು ತಾಳುವ ಶಕ್ತಿಯಿದೆ ಎಂದು ಬರೆದಿದ್ದರು. ಕಡೆಯ ಪುಟದ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಎಣಿಸಿದ ದಿನಾಂಕಗಳಿದ್ದವು. ಏಪ್ರಿಲ್ಲಿನ ಒಂದು ಮಂಗಳವಾರ, ಬುಧವಾರ, ಗುರುವಾರ.

ಆ ವಾರ ನನಗೆ ನೆನಪಿತ್ತು. ಮಗಳು ಮನೆಯಲ್ಲಿದ್ದು ದಿನವಿಡೀ ಪಜಲ್ ಜೋಡಿಸುತ್ತಿದ್ದಳು. ಬೀದಿಯಲ್ಲಿ ಒಂದು ಕಾರಿನ ಸದ್ದೂ ಇರಲಿಲ್ಲ. ಎದ್ದುಹೋಗಿ ಗೋಡೆಯ ಸ್ಕೂಲ್ ಕ್ಯಾಲೆಂಡರ್ ನೋಡಿದೆ. ಸ್ಪ್ರಿಂಗ್ ಬ್ರೇಕು. ಶಾಲೆಗೆ ಪೂರ್ತಿ ವಾರ ರಜ.

ಒಗೆದ ಬಟ್ಟೆಗಳ ನಡುವೆ ಕಳೆದುಹೋದ ಕಾಲುಚೀಲದ ಜೋಡಿ ಸಿಕ್ಕಾಗ ಆಗುವಂಥ ಸಣ್ಣ ಸಂತೋಷ ನನಗಾಯಿತು. ಅಷ್ಟೇ ಆಗಿದ್ದು. ಅದನ್ನು ಮುಚ್ಚಿಡುವುದಿಲ್ಲ.

ಒಂದು ಪತ್ರ ಬರೆದುಕೊಟ್ಟೆ. ಅದನ್ನು ನೋಡಿ ಇನ್ನೊಬ್ಬರು ಕೇಳಿದರು. ಎಲ್ಲರೂ ಒಂದೇ ಪತ್ರ ಕಳಿಸಿದರೆ ನಕಲು ಎಂದು ಪಕ್ಕಕ್ಕಿಡುತ್ತಾರೆಂದು ಗೆಳತಿಯ ಗಂಡ ಎಚ್ಚರಿಸಿದರು. ಹಾಗಾಗಿ ಬೇರೆ ಬೇರೆ ಬರೆದೆ, ಹತ್ತು ದಿನದಲ್ಲಿ ಹದಿನೇಳು. ನಿವೃತ್ತ ಡಾಕ್ಟರಿಗೆ ಗಂಭೀರವಾಗಿ. ಎಳೆಕೂಸಿನ ತಾಯಿಗೆ ಸ್ವಲ್ಪ ಆತಂಕದಿಂದ. ಬೆಳಿಗ್ಗೆ ವಾಕಿಂಗ್ ಹೋಗುವ ಅಜ್ಜನಿಗೆ ಕಿವಿ ಮಂದವಾದವರ ಕಷ್ಟ ಸೇರಿಸಿ. ಹದಿನೇಳರಲ್ಲೂ ಎರಡು ವಾಕ್ಯ ಇದ್ದೇ ಇದ್ದವು: ನಾವು ಈ ಮನೆಗಳನ್ನು ಸ್ವಾಗತಿಸುತ್ತೇವೆ. ಶಾಲೆ ತೆರೆದಿರುವ ದಿನಗಳಲ್ಲಿ ಒಮ್ಮೆ ಎಣಿಸಿ, ಆಮೇಲೆ ನಿರ್ಧರಿಸಿ ಎಂದಷ್ಟೇ ನಮ್ಮ ಕೋರಿಕೆ.

ನನ್ನ ಹೆಸರಿನಲ್ಲಿ ಮಾತ್ರ ಬರೆದುಕೊಳ್ಳಲಿಲ್ಲ. ಸಮಯವಾಗಲಿಲ್ಲ ಎಂದುಕೊಂಡಿದ್ದೆ.

ಪ್ರೀಸ್ಕೂಲಿನ ಸಹಾಯಕ ಶಿಕ್ಷಕಿಯೊಬ್ಬರ ವಿಷಯ ಇಲ್ಲಿ ಹೇಳಬೇಕು. ಹುಬ್ಬಳ್ಳಿಯವರು. ಮದುವೆಯಾಗಿ ಈ ದೇಶಕ್ಕೆ ಬಂದು, ಮದುವೆ ಮುರಿದಮೇಲೆ ಇಲ್ಲೇ ಉಳಿದವರು. ಹೈಸ್ಕೂಲಿಗೆ ಹೋಗುವ ಮಗಳಿದ್ದಳು. ನಾವೆಲ್ಲ ಅವರನ್ನು ಟೀಚರು ಎನ್ನುತ್ತಿದ್ದೆವು. ನನ್ನ ಚಿಕ್ಕವನು ಮೂರು ತುಂಬಿದರೂ ಮಾತಾಡುತ್ತಿರಲಿಲ್ಲ. ಬೇಕಾದ್ದನ್ನು ಬೆರಳಲ್ಲಿ ತೋರಿಸುತ್ತಿದ್ದ. ಟೀಚರು ಅವನು ಬೆರಳು ತೋರಿಸಿದಾಗ ಕಾಣದವರ ಹಾಗೆ ಕೂತಿರುತ್ತಿದ್ದರಂತೆ. ಒಂದು ಸಂಜೆ ಮನೆಗೆ ಬಂದವನು ನನ್ನ ಸೆರಗು ಜಗ್ಗಿ, "ನೀರ್ ಬೇಕ್ರಿ" ಎಂದ. ನಮ್ಮ ಮೈಸೂರಿನ ಮನೆಯ ಮಗ, ಮೊದಲ ಮಾತು ಹುಬ್ಬಳ್ಳಿಯದು. ನಾನು ನೀರು ಕೊಡುವುದನ್ನೂ ಮರೆತು ನಿಂತಿದ್ದೆ.

ಶಾಲೆಗಳಿಗೆ ಬೇಸಿಗೆ ರಜ ಶುರುವಾಗಲು ಒಂದೇ ವಾರವಿತ್ತು. ಚಿಕ್ಕವನನ್ನು ಕರೆದುಕೊಂಡು ಬರಲು ಹೋದಾಗ ಟೀಚರು ಗೇಟಿನ ಹತ್ತಿರ ನಿಲ್ಲಿಸಿಕೊಂಡರು.

"ಅಕ್ಕಾರ, ಒಂದ್ ನಿಮಿಷ ನಿಂದರ್ರಿ. ನಿಮಗೊಂದು ತೋರಸೂದೈತಿ."

ಏಪ್ರನ್ನಿನ ಜೇಬಿನಿಂದ ಮಡಚಿದ ಕಾಗದ ತೆಗೆದರು. ನಾಲ್ಕು ಮಹಡಿಯ ಕಟ್ಟಡದ ಬಣ್ಣದ ಚಿತ್ರ. ನಾನು ವಾರಗಟ್ಟಲೆ ನೋಡಿದ್ದ ಚಿತ್ರವೇ. ಮೂರನೇ ಮಹಡಿಯ ಒಂದು ಕಿಟಕಿಯ ಸುತ್ತ ನೀಲಿ ಪೆನ್ನಿನಲ್ಲಿ ಗುಂಡಗೆ ಸುತ್ತುಹಾಕಿತ್ತು.

"ಇದು ನಮ್ಮ ಮನಿ ಆಗೂದೈತಿ. ಅಂದ್ರ, ಚೀಟಿ ಎತ್ತತಾರ ಖರೆ. ಆದ್ರ ಈ ಊರಾಗ ದುಡಿಯೋರಿಗೆ ಮೊದಲ ಪಾಳಿ ಅಂತ. ಕಟ್ಟೂತನಕ ಆ ಸಂಸ್ಥಾದವ್ರು ಅವರದs ಬ್ಯಾರೆ ಒಂದು ಬಿಲ್ಡಿಂಗ್‌ನ್ಯಾಗ ಖೋಲಿ ಕೊಡ್ತಾರಂತ, ಇಲ್ಲೇ ಡ್ಯಾನ್‌ವಿಲ್ ಕಡೆ. ಪರ್ಮಿಷನ್ ಬಂದ ತಿಂಗಳs ಹೋಗಬಹುದು. ನಮ್ಮ ಹುಡುಗಿ ರಜಾ ಮುಗದ್ರ ಹನ್ನೆರಡನೆ ಕ್ಲಾಸ್ ನೋಡ್ರಿ. ಮುಂದ ಕಾಲೇಜಂತ ಎಲ್ಲಿ ಹೋಗ್ತಾಳೊ ಏನೊ. ಈ ಒಂದ್ ವರ್ಷರ ಆಕಿ ಎದ್ದಾಗ ನಾ ಮನ್ಯಾಗ ಇರಬೇಕಂತ."

"ಈಗ ಇರಲ್ವಾ?"

"ಮೊಡೆಸ್ಟೊದಾಗ ಮನಿ ಅಲ್ರಿ. ನಸುಕಿನ್ಯಾಗ ನಾಕಕ್ಕ ಬಿಡ್ತೀನಿ. ಟ್ರಾಫಿಕ್ ಹತ್ತೂದ್ರಾಗ ಗುಡ್ಡಾ ದಾಟಿಬಿಟ್ರ ಐದೂವರೆಗೆ ಇಲ್ಲೆ. ಬಾಗಲಾ ತಗಿಯೂತನಕ ಕಾರ್‌ನ್ಯಾಗs ಒಂದ್ ಝೊಂಪ ಹೊಡೀತೀನಿ."

ಅವರ ಕಾರಿನ ಹಿಂದಿನ ಸೀಟಿನಲ್ಲಿ ಹೂವಿನ ಗವಸಿನ ದಿಂಬೊಂದು ಯಾವಾಗಲೂ ಇರುತ್ತಿತ್ತು. ಎರಡು ವರ್ಷದಿಂದ ನೋಡಿದ್ದೆ. ಬೆನ್ನುನೋವಿರಬೇಕು ಎಂದುಕೊಂಡಿದ್ದೆ.

"ಯಾರೋ ಪತ್ರ ಬರದಾರಂತ್ರಿ," ಎಂದರು ಟೀಚರು, ಚಿತ್ರವನ್ನು ಅದೇ ಮಡಿಕೆಗಳ ಮೇಲೆ ಮಡಚುತ್ತ. "ಟ್ರಾಫಿಕ್ ತಿರಗಿ ಎಣಸಬೇಕಂತ. ಸಂಸ್ಥಾದ ಬಾಯಾರು ಭಾಳ ಗಾಬರಿ ಆಗ್ಯಾರ. ಸರಕಾರದ ರೊಕ್ಕಕ್ಕ ಜುಲೈದಾಗ ಅರ್ಜಿ ಹಾಕಬೇಕು, ಪರ್ಮಿಷನ್ ಕಾಗದ ಜೋಡಿ ಇಲ್ದಿದ್ರ ತಗೊಳ್ಳೂದಿಲ್ಲಂತ. ಮುಂದಿನ ವರ್ಷಕ್ಕ ಹೋದ್ರ ಆ ಜಾಗಾನೂ ಉಳಿಯೂದಿಲ್ಲಂತ."

ಮನೆಗೆ ಬಂದು, ಬಿಟ್ಟಿದ್ದ ಹಣಕಾಸಿನ ಅಧ್ಯಾಯ ತೆಗೆದು ಓದಿದೆ. ಟೀಚರು ಹೇಳಿದ್ದೆಲ್ಲ ಅಲ್ಲಿತ್ತು, ದೊಡ್ಡ ಅಕ್ಷರದಲ್ಲೇ. ಜೂನ್ ಮೊದಲ ವಾರ ಶಾಲೆ ಮುಚ್ಚಿದರೆ ತೆರೆಯುವುದು ಆಗಸ್ಟಿನ ಮಧ್ಯಕ್ಕೆ. ಶಾಲೆ ತೆರೆದಾಗ ಎಣಿಸಿ ಎಂದರೆ ಜುಲೈ ದಾಟಲೇಬೇಕು. ನಾನು ಕೇಳಿದ್ದು ಸಣ್ಣ ವಿಷಯವಲ್ಲ. ಆ ಕಟ್ಟಡವನ್ನು ನಿಲ್ಲಿಸಲು ಯಾರಾದರೂ ಯೋಚಿಸಿ ಯೋಚಿಸಿ ಹುಡುಕಿದ್ದರೂ ಇದಕ್ಕಿಂತ ಒಳ್ಳೆಯ ದಾರಿ ಸಿಗುತ್ತಿರಲಿಲ್ಲ.

ಮೊದಲು ಊರಿನ ಕಚೇರಿಗೆ ಫೋನು ಮಾಡಿದೆ. ದಾಖಲೆ ನೋಡಿಕೊಳ್ಳುವ ಹೆಂಗಸು ತಾಳ್ಮೆಯಿಂದ ವಿವರಿಸಿದಳು. ಸೇರಿದ ಪತ್ರ ಸೇರಿದ್ದೇ; ವಾಪಸು ಕೊಡುವ ಕ್ರಮವಿಲ್ಲ. ಬೇಕಾದರೆ ಸಹಿ ಮಾಡಿದವರೇ ಅಭಿಪ್ರಾಯ ಬದಲಾಯಿತೆಂದು ಇನ್ನೊಂದು ಪತ್ರ ಬರೆಯಬಹುದು. "ನಿಮ್ಮ ಹೆಸರೇನು?" ಎಂದು ಕೇಳಿ ಹುಡುಕಿ, "ನಿಮ್ಮ ಪತ್ರವೇ ಇಲ್ಲವಲ್ಲ," ಎಂದಳು.

ಮೂಲೆಮನೆಗೆ ಹೋದೆ. ಗೆಳತಿ ಮಲ್ಲಿಗೆ ಕುಂಡಕ್ಕೆ ನೀರು ಹಾಕುತ್ತಿದ್ದಳು. ಟೀಚರ ವಿಷಯ ಹೇಳಿದೆ. ಅವಳು ಕೊಳಾಯಿ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು.

"ಪಾಪ. ನನ್ನ ಮಗಳಿಗೂ ಅವ್ರೇ ಅಲ್ವಾ ಟಾಯ್ಲೆಟ್ ಟ್ರೈನಿಂಗ್ ಮಾಡ್ಸಿದ್ದು."

"ಹಾಗಾದ್ರೆ ಇನ್ನೊಂದು ಲೆಟರ್‌ಗೆ ಸೈನ್ ಹಾಕ್ತೀಯಾ? ನಾನೇ ಬರ್ದು ತರ್ತೀನಿ."

"ಅಲ್ಲ ಕಣೆ, ನಾವೇನು ಬೇಡ ಅಂದ್ವಾ? ಸ್ವಾಗತ ಅಂತ ಬರ್ದಿಲ್ವಾ? ಎಣಿಸಿ ಅಂದ್ವಿ ಅಷ್ಟೆ. ನೀನೇ ಇಷ್ಟು ಚೆನ್ನಾಗಿ ಬರ್ದು ಈಗ ನೀನೇ ವಾಪಸ್ ತಗೋ ಅಂದ್ರೆ, ಹದಿನೇಳು ಜನ ಏನಂದ್ಕೋತಾರೆ?"

"ಎಣಿಸೋಕೆ ಟೈಮಿಲ್ಲ. ಜುಲೈ ಒಳಗೆ ಪರ್ಮಿಷನ್ ಸಿಗ್ದೇ ಹೋದ್ರೆ ಎಲ್ಲಾ ಬಿದ್ಹೋಗತ್ತೆ."

ಅವಳು ಕುಂಡದ ಒಣ ಎಲೆ ಚಿವುಟಿದಳು. "ಅದು ನಮ್ಮನೆಯವ್ರಿಗೆ ಆವತ್ತೇ ಗೊತ್ತಿತ್ತು ಕಣೆ. ಸ್ಪ್ರಿಂಗ್ ಬ್ರೇಕ್ ವಿಷ್ಯ ನೀನು ಹಿಡಿದಾಗ, ಇಷ್ಟು ಸಾಕು, ಇನ್ನೇನೂ ಬೇಡ ಅಂದ್ರು. ನಿನಗೂ ಗೊತ್ತಿರತ್ತೆ ಅಂದ್ಕೊಂಡಿದ್ದೆ."

ಉಳಿದವರಲ್ಲಿ ಒಂಬತ್ತು ಜನರನ್ನು ಕಂಡೆ. ಯಾರೂ ಒರಟಾಗಿ ಮಾತಾಡಲಿಲ್ಲ; ಇಬ್ಬರು ಕಾಫಿ ಕೊಟ್ಟರು. ಡಾಕ್ಟರು ಮಾತ್ರ, "ಅಮ್ಮಾ, ಇದು ಒಬ್ಬರ ಪ್ರಶ್ನೆ ಅಲ್ಲ, ಪ್ರೊಸೀಜರಿನ ಪ್ರಶ್ನೆ," ಎಂದರು. ಎಳೆಕೂಸಿನ ತಾಯಿ ಕಣ್ಣಲ್ಲಿ ನೀರು ತಂದುಕೊಂಡಳು. ಸಹಿಯನ್ನು ಅವಳೂ ಹಾಕಲಿಲ್ಲ.

ಶಾಲೆ ಮುಚ್ಚಲು ಆಗ ಮೂರು ದಿನ ಉಳಿದಿತ್ತು. ವರದಿ ಬರೆದ ಟ್ರಾಫಿಕ್ ಇಂಜಿನಿಯರಿಗೆ ಫೋನು ಮಾಡಿದೆ. ಯಂತ್ರ ತರಿಸಿ, ರಸ್ತೆಗೆ ಕೊಳವೆ ಹಾಸಲು ಅನುಮತಿ ಪಡೆಯುವುದಕ್ಕೇ ಎರಡು ವಾರ ಬೇಕು ಎಂದರು. ಫೋನಿಟ್ಟವಳು ಅವರ ವರದಿಯ ಎಣಿಕೆಯ ಹಾಳೆಯನ್ನೇ ಎದುರಿಗಿಟ್ಟುಕೊಂಡು, ಮಗಳ ಗಣಿತದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ಹದಿನೈದು ನಿಮಿಷಕ್ಕೊಂದು ಅಡ್ಡಸಾಲು. ನೇರ ಹೋದದ್ದು, ಎಡಕ್ಕೆ ತಿರುಗಿದ್ದು, ಬಲಕ್ಕೆ ತಿರುಗಿದ್ದು, ನಡೆದು ದಾಟಿದವರು, ಒಂದೊಂದಕ್ಕೂ ಒಂದು ಕಂಬಸಾಲು. ನಾಲ್ಕು ದಿಕ್ಕಿಗೆ ನಾಲ್ಕು ಹಾಳೆ.

"ಇದಕ್ಕೆ ಲೈಸೆನ್ಸ್ ಇರೋ ಇಂಜಿನಿಯರೇ ಬೇಕು," ಎಂದರು ಯಜಮಾನರು. "ನಿನ್ನ ನೋಟ್‌ಬುಕ್ ಯಾರೂ ತಗೊಳಲ್ಲ."

"ತಗೊಳ್ದೇ ಇದ್ರೆ ಇರಲಿ."

"ಆವತ್ತು ಪಾಟ್‌ಲಕ್‌ನಲ್ಲಿ ನಾನು ಹೇಳ್ತಿದ್ದೆ ನೋಡು, ಸಿಸ್ಟಮ್ಮೇ ಬದಲಾಗ್ಬೇಕು ಅಂತ..."

"ನೀವು ಆವತ್ತು ಹಾಲಲ್ಲಿ ಹೇಳ್ತಿದ್ರಿ. ನಾನು ಅಡಿಗೆಮನೇಲಿ ಆ ಕಾರ್ಡ್ ಕೈಯಲ್ಲಿ ಹಿಡ್ಕೊಂಡಿದ್ದೆ," ಎಂದೆ. ಮೊದಲ ಬೆಳಿಗ್ಗೆ ಮಕ್ಕಳಿಗೆ ಅವರೇ ದೋಸೆ ಹುಯ್ದುಕೊಟ್ಟು ಶಾಲೆಗೆ ಬಿಟ್ಟರು.

ಏಳು ಗಂಟೆಗೆ ಮಡಚುವ ಕುರ್ಚಿ ಹಾಕಿ ಕೂಡುರಸ್ತೆಯ ಮೂಲೆಯಲ್ಲಿ ಕೂತೆ. ಎಣಿಸುವುದು ಸುಲಭವೆಂದುಕೊಂಡಿದ್ದೆ. ಎಂಟರ ಹೊತ್ತಿಗೆ ಕಾರುಗಳು ಬೇರೆ ಬೇರೆ ಕಡೆಯಿಂದ ಒಟ್ಟಿಗೆ ಬಂದಾಗ, ನಾಲ್ಕು ದಿಕ್ಕಿಗೆ ಎರಡು ಕಣ್ಣು ಸಾಲಲಿಲ್ಲ. ಬಲಗಡೆ ನೋಡುವಷ್ಟರಲ್ಲಿ ಎಡಗಡೆಯವು ತಿರುಗಿಹೋಗುತ್ತಿದ್ದವು. ಮೊದಲ ದಿನದ ಹಾಳೆಗಳನ್ನು ಹರಿದುಹಾಕಬೇಕಾಯಿತು. ಎರಡನೇ ದಿನ ಮನೆಯಿಂದ ಹಳೆಯ ಫೋನು ತಂದು ದೀಪದ ಕಂಬಕ್ಕೆ ಟೇಪು ಸುತ್ತಿ, ಎರಡು ದಿಕ್ಕನ್ನು ವಿಡಿಯೊ ಮಾಡಿಕೊಂಡು ಇನ್ನೆರಡನ್ನು ಕೈಯಲ್ಲಿ ಗೀಟು ಹಾಕಿದೆ. ಮಧ್ಯಾಹ್ನವೆಲ್ಲ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ಎಣಿಸಿದೆ. ಆಗ ಒಂದು ಕಂಡಿತು. ಶಾಲೆಗೆ ಬರುವ ಕಾರುಗಳಲ್ಲಿ ಹೆಚ್ಚಿನವು ಆ ಕೂಡುರಸ್ತೆಯವರೆಗೆ ಬರುವುದೇ ಇಲ್ಲ. ಅದಕ್ಕಿಂತ ಮೊದಲೇ, ವಿಡಿಯೊದ ಅಂಚಿನಲ್ಲಿ, ನಮ್ಮ ಬೀದಿಗೆ ತಿರುಗಿ ಒಳಗಿಂದ ತೂರಿಹೋಗುತ್ತವೆ. ನಮ್ಮ ಬೀದಿಯಲ್ಲಿ ಜಾಗವಿಲ್ಲದಂತೆ ಮಾಡಿದವರು ನಾವು, ನಮ್ಮಂಥವರು. ಬೌಲಿಂಗ್ ಕಟ್ಟಡದ ರಸ್ತೆ ಎಂಟೂಕಾಲು ಗಂಟೆಗೂ ಖಾಲಿಯಿತ್ತು.

ಮೂರನೇ ದಿನ ಗೀಟು ಹಾಕುತ್ತ ಕೂತಿದ್ದಾಗ ಪಕ್ಕದಲ್ಲಿ ಟೀಚರು ಬಂದು ನಿಂತಿದ್ದರು. ಪ್ರೀಸ್ಕೂಲಿನ ಮಕ್ಕಳಿಗೆ ಹಾಲು ತರಲು ಅಂಗಡಿಗೆ ಹೊರಟಿದ್ದರಂತೆ.

"ಅಕ್ಕಾರ, ಏನ್ ಮಾಡಾಕತ್ತೀರಿ ಇಲ್ಲೆ? ಕುರ್ಚಿ ಹಾಕ್ಕೊಂಡು, ಪೊಲೀಸರಂಗ?"

"ಕಾರು ಎಣಿಸ್ತಿದ್ದೀನಿ."

ನೋಟ್‌ಬುಕ್ಕಿಗೆ ಬಗ್ಗಿ ಗೆರೆಗಳನ್ನು ನೋಡಿದರು. ನಿಧಾನವಾಗಿ ಅರ್ಥವಾಯಿತು. "ನಮ್ಮ ಬಿಲ್ಡಿಂಗಿನ ಸಲುವಾಗಿ?"

"ಹೂಂ."

ಅದು ಸುಳ್ಳಲ್ಲ. ಉಳಿದರ್ಧವನ್ನು ಹೇಳಲು ಅಲ್ಲಿ, ಆ ಬಿಸಿಲಿನಲ್ಲಿ, ಬಾಯಿ ಬರಲಿಲ್ಲ. ಟೀಚರು ರಸ್ತೆಯ ಆಚೆ ಬದಿಗೆ ಹೋಗಿ, ನನಗೆ ಕಾಣದ ತಿರುವಿನಲ್ಲಿ ನಿಂತು, ಒಂದೊಂದು ಕಾರು ಎಡಕ್ಕೆ ಹೊರಳಿದಾಗಲೂ ಕೈಯೆತ್ತಿ ತೋರಿಸತೊಡಗಿದರು. ಹಾಲಿಗೆ ಹೊತ್ತಾಗುತ್ತದೆಂದು ನಾನು ಕೂಗಿ ಹೇಳಿದರೂ ಹತ್ತು ನಿಮಿಷ ಹಾಗೆಯೇ ನಿಂತಿದ್ದರು. ಅವರು ಕೈಯೆತ್ತಿದಾಗಲೆಲ್ಲ ನಾನು ಗೀಟು ಹಾಕಿದೆ.

ಹಾಳೆಗಳನ್ನು ಶುದ್ಧಪ್ರತಿ ಮಾಡಿ, ವಿಡಿಯೊ ಜತೆಗಿಟ್ಟು, ಊರಿನ ಕಚೇರಿಗೆ ಕೊಟ್ಟೆ. ಯುವ ಅಧಿಕಾರಿಯೊಬ್ಬ ಪ್ರತಿ ಪುಟವನ್ನೂ ನೋಡಿದ. ಚೆನ್ನಾಗಿ ಮಾಡಿದ್ದೀರಿ ಎಂದ. ಪರವಾನಗಿ ಇರುವ ಇಂಜಿನಿಯರಿನ ಮುದ್ರೆಯಿಲ್ಲದೆ ಇದನ್ನು ಎಣಿಕೆಯೆಂದು ಸೇರಿಸಲಾಗದು, ಸಾರ್ವಜನಿಕ ಅಭಿಪ್ರಾಯವೆಂದು ಸೇರಿಸುತ್ತೇನೆ ಎಂದ. ಹೀಗೆ ಹದಿನೇಳು ಪತ್ರಗಳ ಹಿಂದೆ ಹದಿನೆಂಟನೆಯದಾಗಿ, ಕೊನೆಗೂ ನನ್ನ ಹೆಸರು ಆ ಕಡತಕ್ಕೆ ಸೇರಿತು.

ಅನುಮತಿ ಕೊಡುವ ಊರಿನ ಸಮಿತಿಯ ವಿಚಾರಣೆಯ ಸಭೆ ಜೂನ್ ಮಧ್ಯದ ಒಂದು ಸಂಜೆ ಆರೂವರೆಗೆ. ಹೊರಗೆ ಇನ್ನೂ ಒಳ್ಳೆಯ ಬೆಳಕಿತ್ತು. ಮಾತಾಡುವವರು ಬಾಗಿಲಲ್ಲಿ ಚೀಟಿ ತುಂಬಿ ಕೊಡಬೇಕು. ಒಬ್ಬೊಬ್ಬರಿಗೂ ಎರಡು ನಿಮಿಷ. ಮೈಕಿನ ಮುಂದೆ ಹಸಿರು ದೀಪ, ಮೂವತ್ತು ಸೆಕೆಂಡು ಉಳಿದಾಗ ಹಳದಿ, ಆಮೇಲೆ ಕೆಂಪು. ಚಪ್ಪಾಳೆ ತಟ್ಟುವಂತಿಲ್ಲ, ಒಪ್ಪಿಗೆಯಾದರೆ ಎರಡೂ ಕೈ ಮೇಲೆತ್ತಿ ಬೆರಳಾಡಿಸಬಹುದು ಎಂದು ಅಧ್ಯಕ್ಷರು ಮೊದಲೇ ಹೇಳಿದರು.

ನಾನು ಎರಡು ನಿಮಿಷಕ್ಕೆ ಎರಡು ಭಾಷಣ ಬರೆದು ತಂದಿದ್ದೆ. ಒಂದರಲ್ಲಿ ಎಣಿಕೆಯ ವಿಷಯ ಮಾತ್ರ ಇತ್ತು. ಇನ್ನೊಂದರಲ್ಲಿ ಪತ್ರಗಳನ್ನು ಬರೆದವಳು ನಾನೇ ಎಂದಿತ್ತು. ಎರಡನ್ನೂ ಕೈಯಲ್ಲಿಟ್ಟುಕೊಂಡು ಕೂತಿದ್ದೆ.

ಮೊದಲು ಡಾಕ್ಟರು ಮಾತಾಡಿದರು. ನನ್ನ ವಾಕ್ಯಗಳನ್ನು ನನಗಿಂತ ಚೆನ್ನಾಗಿ ಓದಿದರು. ಆಮೇಲೆ ಟೀಚರ ಸರದಿ. ಮಗಳನ್ನು ಕರೆದುಕೊಂಡು ಬಂದಿದ್ದರು. ಅಂದು ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದರು. ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಜೋಡಿಸಿ ಹೇಳಿದರು. ಈ ಊರಿನ ಮಕ್ಕಳಲ್ಲಿ ಯಾರಿಗೆ ಜ್ವರ ಬರುವುದಿದೆ ಎಂದು ನನಗೆ ಕೈ ಹಿಡಿದರೆ ಗೊತ್ತಾಗುತ್ತದೆ. ನನ್ನ ಮಗಳು ಬೆಳಿಗ್ಗೆ ಏನು ತಿಂದು ಹೋಗುತ್ತಾಳೆಂದು ಗೊತ್ತಿಲ್ಲ. ನಾನು ವಾಸ ಇರುವ ಬೀದಿಯಲ್ಲಿ ಯಾರ ಹೆಸರೂ ಗೊತ್ತಿಲ್ಲ, ಬೆಳಕಿನಲ್ಲಿ ಅವರನ್ನು ನೋಡಿಲ್ಲ. ಹಳದಿ ದೀಪ ಬರುವ ಮುಂಚೆಯೇ ಮುಗಿಸಿ, "ದಟ್ಸ್ ಆಲ್, ಥ್ಯಾಂಕ್ಯೂ" ಎಂದು ಬಂದು ಕೂತರು.

ನನ್ನ ಹೆಸರು ಕರೆದಾಗ ಎಣಿಕೆಯ ಹಾಳೆಯನ್ನು ಕುರ್ಚಿಯ ಮೇಲೇ ಬಿಟ್ಟು ಎದ್ದೆ. ಎದುರಿನ ಸಾಲಿನಿಂದ ಟೀಚರು ಎರಡೂ ಕೈ ಮೇಲೆತ್ತಿ ಬೆರಳಾಡಿಸುತ್ತಿದ್ದರು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ.

"ನಿಮ್ಮ ಮುಂದಿರುವ ಹದಿನೇಳು ಪತ್ರಗಳನ್ನು ಬರೆದವಳು ನಾನು," ಎಂದೆ. "ಅವರೆಲ್ಲ ಸಹಿ ಹಾಕಿದವರು ಮಾತ್ರ. ಶಾಲೆಯ ರಜೆಯ ವಿಷಯ ಕಂಡುಹಿಡಿದದ್ದು ನಾನು. ಜುಲೈ ತಿಂಗಳ ವಿಷಯ ನನಗೆ ಗೊತ್ತಿರಲಿಲ್ಲ. ಆಮೇಲೆ ನಾನೇ ಕೂತು ಎಣಿಸಿದೆ, ಆ ರಸ್ತೆ ಖಾಲಿಯಿದೆ. ದಯವಿಟ್ಟು ಆ ಪತ್ರಗಳನ್ನು ಹದಿನೇಳು ಎಂದು ಎಣಿಸಬೇಡಿ."

ಹಿಂದೆ ಯಾರೋ ಕುರ್ಚಿ ಸರಿಸಿದ ಸದ್ದು. ಟೀಚರ ಕೈಗಳು ಮೇಲೆಯೇ ಇದ್ದವು, ಬೆರಳು ಆಡುತ್ತಿರಲಿಲ್ಲ. ಆಮೇಲೆ ಒಂದೊಂದಾಗಿ ಮಡಿಲಿಗೆ ಇಳಿದವು.

ಅಧ್ಯಕ್ಷರು ವಯಸ್ಸಾದ ಹೆಂಗಸು, ದನಿಯಲ್ಲಿ ಕಠಿಣತೆ ಇರಲಿಲ್ಲ. ಕನ್ನಡಕ ತೆಗೆದು ಕೇಳಿದರು. "ಪತ್ರ ಯಾರು ಬರೆದರೆಂಬುದು ನಮಗೆ ಮುಖ್ಯವಲ್ಲ ಮೇಡಂ. ಅದರಲ್ಲಿರುವುದು ನಿಜವೇ ಎಂಬುದು ಮುಖ್ಯ. ಅಧಿಕೃತ ಎಣಿಕೆ ನಡೆದಾಗ ಶಾಲೆಗೆ ರಜವಿತ್ತೇ?"

ದೀಪ ಹಳದಿಗೆ ತಿರುಗಿತ್ತು.

"ಇತ್ತು," ಎಂದೆ.

"ಧನ್ಯವಾದ."

ಊರಿನ ವಕೀಲರು ಬಗ್ಗಿ ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದರು. ಎಣಿಕೆಯಲ್ಲಿ ದೋಷವಿದೆಯೆಂದು ಗೊತ್ತಿದ್ದೂ ಒಪ್ಪಿದರೆ ಯಾರಾದರೂ ಕೋರ್ಟಿಗೆ ಹೋಗಬಹುದು, ಆಗ ಎಲ್ಲರಿಗೂ ಕಷ್ಟ ಎಂದು ಸಭೆಗೆ ವಿವರಿಸಿದರು. ಸಮಿತಿಯ ಏಳು ಜನರಲ್ಲಿ ಯಾರೂ ಬೇಡ ಎನ್ನಲಿಲ್ಲ. ಎಲ್ಲರೂ ಈ ಊರಿಗೆ ಇಂಥ ಮನೆಗಳು ಬೇಕೆಂದರು. ಶಾಲೆ ತೆರೆದ ಮೇಲೆ ತಿರುಗಿ ಎಣಿಸಿ, ಸೆಪ್ಟೆಂಬರಿಗೆ ವಿಷಯ ತೆಗೆದುಕೊಳ್ಳುವುದೆಂದು ಕೈಯೆತ್ತಿದರು. ಏಳೂ ಕೈ.

ಹೊರಗೆ ಪಾರ್ಕಿಂಗಿನಲ್ಲಿ ಟೀಚರು ಕಾರಿನ ಬಾಗಿಲು ತೆಗೆಯುತ್ತಿದ್ದರು. ಮಗಳು ಆಗಲೇ ಒಳಗೆ ಕೂತಿದ್ದಳು, ನನ್ನ ಕಡೆ ನೋಡಲಿಲ್ಲ. ನಾನು ಹತ್ತಿರ ಹೋಗಿ "ಟೀಚರೇ" ಎಂದೆ.

"ನಾ ಎಲ್ಲಾ ಪತ್ರ ಓದಿದ್ದೆ ಅಕ್ಕಾರ," ಎಂದರು. "ಸಂಸ್ಥಾದ ಬಾಯಾರು ತೋರಿಸಿದ್ರು. ಭಾಳ ಛಲೋ ಮಂದಿ ಬರದಾರ, ಬ್ಯಾಡ ಅಂದಿಲ್ಲ ಯಾರೂ, ತಿಳಿಸಿ ಹೇಳಿದ್ರ ಕೇಳ್ತಾರಂತ ಅಂದಿದ್ದೆ." ಕೀಲಿ ತಿರುಗಿಸಿದರು. "ಬರ್ತೀನ್ರಿ. ಗುಡ್ಡಾ ದಾಟಬೇಕು."

ಜುಲೈ ಕಳೆಯಿತು. ಸಂಸ್ಥೆಯವರು ಯೋಜನೆ ಕೈಬಿಟ್ಟರು; ಡ್ಯಾನ್‌ವಿಲ್ಲಿನ ಖೋಲಿ ಬೇರೆ ಯಾರಿಗೋ ಹೋಯಿತು. ಆಗಸ್ಟಿನಲ್ಲಿ ಪ್ರೀಸ್ಕೂಲಿನ ಗೇಟಿಗೆ ಹೊಸ ಸಹಾಯಕಿ ಬಂದು ನಿಂತಿದ್ದಳು, ಕಾಲೇಜು ಹುಡುಗಿ. ಚಿಕ್ಕವನು ಅವಳಿಗೂ "ನೀರ್ ಬೇಕ್ರಿ" ಎನ್ನುತ್ತಿದ್ದನಂತೆ. ಅವನೇನು ಕೇಳುತ್ತಾನೆಂದು ಆಕೆ ನನ್ನನ್ನು ಕೇಳಿದಳು. ಕೆಲವು ವಾರಗಳಲ್ಲಿ ಅವನು ವಾಟರ್ ಎನ್ನುವುದನ್ನು ಕಲಿತ.

ಶಾಲೆ ತೆರೆದಮೇಲೆ ಕಪ್ಪು ಕೊಳವೆಗಳನ್ನು ಹಾಸಿ ಮತ್ತೆ ಎಣಿಸಿದರು. ನಡುವೆ ಕೈಬಿಟ್ಟಿದ್ದರೂ ಅರ್ಜಿ ಕಾಗದದ ಮೇಲೆ ಉಳಿದಿತ್ತು, ಊರು ತನ್ನ ಕ್ರಮ ಮುಗಿಸಲೇಬೇಕಿತ್ತು. ಕೂಡುರಸ್ತೆಯಲ್ಲಿ ಬೇಕಾದಷ್ಟು ಜಾಗವಿದೆ ಎಂದು ವರದಿ ಬಂತು. ಸೆಪ್ಟೆಂಬರಿನ ಸಭೆಗೆ ಮಾತಾಡಲು ಯಾರೂ ಬಂದಿರಲಿಲ್ಲ, ಕೇಳಲು ನಾನೊಬ್ಬಳು. ಐದು ನಿಮಿಷದಲ್ಲಿ, ಏಳಕ್ಕೆ ಏಳು ಮತ ಬಿದ್ದು, ಕಟ್ಟುವವರಿಲ್ಲದ ಕಟ್ಟಡಕ್ಕೆ ಅನುಮತಿ ಸಿಕ್ಕಿತು.

ಆ ವಾರದ ಶನಿವಾರ ಮಧ್ಯಾಹ್ನದ ಹೊತ್ತಿಗೆ ಟೀಚರಿಗೆ ಫೋನು ಮಾಡಿದೆ. ಎತ್ತುತ್ತಾರೆಂದುಕೊಂಡಿರಲಿಲ್ಲ.

"ಹೌದೇನ್ರಿ? ಛಲೋ ಆತು," ಎಂದರು, ಅನುಮತಿಯ ವಿಷಯಕ್ಕೆ.

"ಈಗ ಎಲ್ಲಿದ್ದೀರಿ, ಏನ್ಮಾಡ್ತಿದ್ದೀರಿ?"

"ಇಲ್ಲೇ ಮೊಡೆಸ್ಟೊದಾಗ. ಗೋದಾಮಿನ ಕೆಲಸ, ಮಧ್ಯಾಹ್ನದ ಪಾಳಿ. ಡಬ್ಬಿ ಏರಸೂದು, ಇಳಸೂದು. ಅಳೂದಿಲ್ಲ, ಕಚ್ಚೂದಿಲ್ಲ, ಶ್ಯಾಣ್ಯಾ ಇರ್ತಾವ ಡಬ್ಬಿ." ಸ್ವಲ್ಪ ನಕ್ಕರು. "ಹುಡುಗಿ ಎದ್ದಾ‌ಗ ಮನ್ಯಾಗ ಇರ್ತೀನಿ ಈಗ. ಆಕಿ ಸಾಲಿಂದ ಬರೂದ್ರಾಗ ಹೋಗಿರ್ತೀನಿ."

ನಾನು ಕ್ಷಮೆ ಕೇಳಲು ಶುರುಮಾಡಿದೆ. ಅವರು ತಡೆದರು.

"ಅಕ್ಕಾರ, ಅದು ಇರ್ಲಿ. ಒಂದ್ ಕೇಳ್ಲೇನು? ಸಿಟ್ಟಿನಿಂದಲ್ಲ. ನಾ ಆ ಮನಿ ಪಾಳ್ಯಾಗ ಇದ್ದೆ ಅಂತ ಗೊತ್ತಿದ್ರ ನೀವು ಆ ಪತ್ರ ಬರೀತಿದ್ದಿಲ್ಲ. ಅದು ನನಗ ಖಾತ್ರಿ ಐತಿ. ಆದ್ರ ಅಲ್ಲೆ ನನ್ನಕಿಂತ ಮೊದಲ ಭಾಳ ಮಂದಿ ಇದ್ರಲ್ಲ. ದವಾಖಾನಿ ಕಸಾ ಹೊಡಿಯಾಕಿ ಒಬ್ಬಾಕಿ, ಅಂಗಡ್ಯಾಗ ಗಾಡಿ ಜೋಡಸಾಂವ ಒಬ್ಬಾಂವ. ಅವರಷ್ಟs ಇದ್ದು ನಾ ಇರಲಿಲ್ಲಂದ್ರ, ಕುರ್ಚಿ ಹಾಕ್ಕೊಂಡು ಎಣಸ್ತಿದ್ರೇನ್ರಿ?"

ಆಚೆ ಕಡೆ ಅವರ ಮಗಳು ಏನೋ ಕೇಳಿದ್ದು, ಇವರು "ತಡಿ" ಎಂದದ್ದು ಕೇಳಿಸಿತು. ಅವರು ಕಾಯುತ್ತಿದ್ದರು.

"ಇಲ್ಲ," ಎಂದೆ.

ಪಾಳಿಗೆ ಹೊತ್ತಾತು ಎಂದು ಟೀಚರು ಫೋನಿಟ್ಟರು.